ರೋಗ ನಮ್ಮದು, ದಾಖಲೆ ಯಾರ ಭಾಷೆಯದು?

ಕನ್ನಡದ ತರುಣ ಮಿತ್ರರೇ,

ನಿಮ್ಮ ಅಮ್ಮ ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಾರೆ? ಯಾವುದು ಸಕ್ಕರೆ ಕಾಯಿಲೆಗೆ, ಯಾವುದು ರಕ್ತದೊತ್ತಡಕ್ಕೆ? ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕುಳಿತು ಇದನ್ನು ಓದುತ್ತಿರುವ ನೀವು ಎದೆ ಮುಟ್ಟಿಕೊಂಡು ಹೇಳಿ. ಗೊತ್ತಿಲ್ಲ, ಅಲ್ಲವೇ? ನನಗೂ ಗೊತ್ತಿರಲಿಲ್ಲ!

ನಾನು ಹೂಡೆಯವನು. ಒಂದು ಬದಿ ಕಡಲು, ಇನ್ನೊಂದು ಬದಿ ಸ್ವರ್ಣಾ ನದಿ. ನಡುವೆ ನಮ್ಮ ಊರು. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. ಮದುವೆ ಕಾಗದ, ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರಗಳ ಜೊತೆಗೆ ಡಾಕ್ಟರುಗಳ ಔಷಧ ಚೀಟಿಯನ್ನೂ ಅಚ್ಚು ಹಾಕುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ಅಮ್ಮನಿಗೆ ಊರಿನ ಡಾಕ್ಟರು ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮಾತ್ರೆ ಬರೆದಿದ್ದರು. ಮಂಡಿನೋವೆಂದು ಪೇಟೆಯ ಒಂದು ಆಸ್ಪತ್ರೆಗೆ ಹೋದಾಗ ಅಲ್ಲಿಯೂ ಒತ್ತಡ ನೋಡಿ ಅದೇ ಔಷಧವನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆದರು. ಹಳೆಯ ಚೀಟಿ ನಾವು ಒಯ್ದಿರಲಿಲ್ಲ, ಅವರು ಕೇಳಲೂ ಇಲ್ಲ. ಹೆಸರು ಬೇರೆ, ಬಣ್ಣ ಬೇರೆ. ಅಮ್ಮ ಮೂರು ವಾರ ಎರಡನ್ನೂ ನುಂಗಿದರು. ಕಾಲು ಊದಿತು, ತಲೆ ತಿರುಗಿತು, ಅಂಗಳದಲ್ಲಿ ಬಿದ್ದರು. ಕೊನೆಗೆ ಊರಿನ ಡಾಕ್ಟರೇ ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿದು ನೋಡಿದಾಗ ವಿಷಯ ತಿಳಿಯಿತು. ಅಮ್ಮನಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ. ಆದರೆ ಎರಡು ಚೀಟಿಗಳಲ್ಲೂ ಕನ್ನಡದ ಒಂದಕ್ಷರವಿರಲಿಲ್ಲ. ಊರಿನ ಡಾಕ್ಟರ ಆ ಚೀಟಿಯನ್ನು ಪೂರ್ತಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಕೊಟ್ಟವನು ನಾನೇ! ಕನ್ನಡದಲ್ಲಿ ಎರಡು ಸಾಲು ಹಾಕೋಣವೇ ಎಂದು ಕೇಳುವ ಬುದ್ಧಿ ನನಗೂ ಬರಲಿಲ್ಲ.

ಈಗ ಕೇಂದ್ರ ಸರ್ಕಾರ ಇದಕ್ಕೆ ಮದ್ದು ಕಂಡುಹಿಡಿದಿದ್ದೇನೆ ಎನ್ನುತ್ತಿದೆ. 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಜಾರಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಯ ‘ಆಭಾ’ ಸಂಖ್ಯೆ ಕೊಡುತ್ತದೆ. ದಾಖಲೆ ಆಯಾ ಆಸ್ಪತ್ರೆಯಲ್ಲೇ ಇರುತ್ತದೆ. ನೀವು ಒಪ್ಪಿದರೆ ಇನ್ನೊಬ್ಬ ಡಾಕ್ಟರು ಅದನ್ನು ನೋಡಬಹುದು. ಪೇಟೆಯ ಡಾಕ್ಟರು ಆ ದಿನ ಅಮ್ಮನ ಹಳೆಯ ಚೀಟಿಯನ್ನು ಪರದೆಯ ಮೇಲೆ ಕಂಡಿದ್ದರೆ ಎರಡನೇ ಮಾತ್ರೆ ಬರೆಯುತ್ತಿರಲಿಲ್ಲ. ಚೀಟಿ ಅಚ್ಚು ಹಾಕಿ ಹೊಟ್ಟೆ ಹೊರೆಯುವ ನಾನೇ ಹೇಳುತ್ತೇನೆ: ಈ ಯೋಜನೆ ಬೇಕು. ನನ್ನ ಚೀಟಿ ಪುಸ್ತಕದ ವ್ಯಾಪಾರ ಹೋದರೆ ಹೋಗಲಿ.

ಆದರೆ ಸಂಖ್ಯೆ ಕೊಟ್ಟ ಮಾತ್ರಕ್ಕೆ ಊರಿನ ಆಸ್ಪತ್ರೆಯ ಚಿಕಿತ್ಸೆ ಸುಧಾರಿಸುತ್ತದೆಯೇ? ಇಂಗ್ಲೆಂಡಿನ ಕಥೆ ಕೇಳಿ. ಅಲ್ಲಿ 2002ರಲ್ಲಿ ಆರಂಭಿಸಿದ ಬೃಹತ್ ಕಂಪ್ಯೂಟರ್ ಯೋಜನೆಯನ್ನು, ನೂರಾರು ಕೋಟಿ ಪೌಂಡ್ ಸುರಿದ ಮೇಲೆ, 2011ರಲ್ಲಿ ಕಳಚಿಹಾಕಬೇಕಾಯಿತು. ಅದರಲ್ಲಿ ಉಳಿದ ಭಾಗಗಳಲ್ಲಿ ರೋಗಿಯ ಔಷಧ, ಅಲರ್ಜಿಗಳ ಸಂಕ್ಷಿಪ್ತ ದಾಖಲೆಯೂ ಒಂದು. ಅದನ್ನು ಪರೀಕ್ಷಿಸಿದ ಲಂಡನ್ನಿನ ಸಂಶೋಧಕರು 2010ರಲ್ಲಿ ಕಂಡದ್ದೇನು? ದಾಖಲೆ ಇದ್ದರೂ ಹೆಚ್ಚಿನ ಸಲ ಡಾಕ್ಟರುಗಳು ಅದನ್ನು ತೆರೆದೇ ನೋಡುತ್ತಿರಲಿಲ್ಲ. ತಪಾಸಣೆಯ ಸಮಯ ಉಳಿಯಿತೆನ್ನಲು ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಆದರೆ ಹಲವು ಔಷಧ ನುಂಗುವವರಿಗೆ, ತಮ್ಮ ಕಾಯಿಲೆಯನ್ನು ತಾವೇ ಹೇಳಲಾಗದವರಿಗೆ ಅದು ನೆರವಾಯಿತು. ಅಂದರೆ ನನ್ನ ಅಮ್ಮನಂಥವರಿಗೆ!

ನಮ್ಮಲ್ಲಿ? ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಸರ್ಕಾರದ್ದೇ ಲೆಕ್ಕ. ಬಾಗಿಲಾಚೆಗೂ ಸಾಲು ನಿಂತಿರುವಾಗ ಡಾಕ್ಟರು ರೋಗಿಯ ಮುಖ ನೋಡಬೇಕೋ, ಕೀಲಿಮಣೆ ಕುಟ್ಟಬೇಕೋ? ಕ್ಯೂಆರ್ ಕೋಡ್ ತೋರಿಸಿ ಬೇಗ ಟೋಕನ್ ಪಡೆಯುವ ವ್ಯವಸ್ಥೆ ಬಂದಿದೆ, ಸಂತೋಷ. ಸಾಲು ಚಿಕ್ಕದಾಯಿತು. ಚಿಕಿತ್ಸೆ ದೊಡ್ಡದಾಯಿತೇ?

ಇನ್ನು ಭಾಷೆಯ ಮಾತು. ಹೂಡೆಯಲ್ಲಿ ಮನೆಮಾತು ತುಳು, ಬ್ಯಾರಿ, ಕೊಂಕಣಿ ಏನೇ ಇರಲಿ, ಶಾಲೆಯಲ್ಲಿ ಕಲಿತ ಅಕ್ಷರ ಕನ್ನಡ. ಆಭಾದಂಥ ಆ್ಯಪ್‌ನ ಮುಖಪುಟ ಕನ್ನಡದಲ್ಲಿದ್ದರೂ ಒಳಗೆ ಬಂದು ಬೀಳುವ ಚೀಟಿ, ಲ್ಯಾಬ್ ವರದಿ, ಡಿಸ್‌ಚಾರ್ಜ್ ಪತ್ರ ಇಂಗ್ಲಿಷಿನವೇ ಆದರೆ ಆ ದಾಖಲೆ ಯಾರದು? ‘ಡಾಕ್ಟರಿಗೆ ಕನ್ನಡ ಬರುವುದಿಲ್ಲ, ಏನು ಮಾಡೋಣ’ ಎನ್ನುತ್ತಾರೆ. ಕಂಪ್ಯೂಟರಿಗೆ ಆ ನೆಪ ಇಲ್ಲ! ಈ ವ್ಯವಸ್ಥೆಯಲ್ಲಿ ರೋಗಕ್ಕೆ, ಔಷಧಕ್ಕೆ ಒಂದೊಂದು ಸಂಕೇತ ಸಂಖ್ಯೆ ಇರುತ್ತದೆ. ಡಾಕ್ಟರು ಇಂಗ್ಲಿಷಿನಲ್ಲೇ ಆರಿಸಲಿ. ಸಂಖ್ಯೆಯ ಪಕ್ಕ ಕನ್ನಡ ಪದ ಕೂರಿಸಿಟ್ಟರೆ ಚೀಟಿ ಕನ್ನಡದಲ್ಲಿ ಹೊರಬರುತ್ತದೆ. ‘ರಕ್ತದೊತ್ತಡದ ಮಾತ್ರೆ, ಬೆಳಿಗ್ಗೆ ಒಂದು.’ ಎರಡು ಚೀಟಿಗಳಲ್ಲಿ ಇಷ್ಟಿದ್ದರೆ ಅಮ್ಮನೇ ತಪ್ಪು ಹಿಡಿಯುತ್ತಿದ್ದರು. ಮೊಳೆ ಜೋಡಿಸುತ್ತಿದ್ದ ಅಪ್ಪನನ್ನು ಕಂಡವನು ನಾನು, ಇದು ಆಗದ ಕೆಲಸವಲ್ಲ. ಕಂಪ್ಯೂಟರಿಗೆ ಕನ್ನಡ ಕಲಿಸಿದ ಕೆ.ಪಿ. ರಾವ್ ನಮ್ಮ ಕರಾವಳಿಯವರೇ ಅಲ್ಲವೇ?

ಕಾಗದದಲ್ಲಿ ಇದನ್ನು ಮಾಡಿ ತೋರಿಸಿಯೂ ಆಗಿದೆ. ಬಸುರಿಯರ ಕೈಯಲ್ಲಿರುವ ತಾಯಿ ಕಾರ್ಡ್ ನೋಡಿ. ಕನ್ನಡದಲ್ಲಿದೆ, ಮನೆಯಲ್ಲಿರುತ್ತದೆ, ಆಶಾ ಕಾರ್ಯಕರ್ತೆಯೂ ಓದುತ್ತಾರೆ, ತಾಯಿಯೂ ಓದುತ್ತಾಳೆ. ಸರ್ಕಾರಿ ಆಸ್ಪತ್ರೆಗಳ ಔಷಧ ಚೀಟಿ ಕನ್ನಡದಲ್ಲಿರಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು 2024ರಲ್ಲೇ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಆ ಬೇಡಿಕೆಯನ್ನು ಕಂಪ್ಯೂಟರಿನವರೆಗೆ ಒಯ್ಯುವುದು ನಮ್ಮ ಕೆಲಸ.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಒಂದು, ಕರ್ನಾಟಕದಲ್ಲಿ ಹುಟ್ಟುವ ಪ್ರತಿ ಆರೋಗ್ಯ ದಾಖಲೆಯಲ್ಲಿ ಔಷಧ ಯಾವುದಕ್ಕೆ, ಹೇಗೆ ತೆಗೆದುಕೊಳ್ಳಬೇಕು ಎಂಬುದು ಕನ್ನಡದಲ್ಲಿರಲಿ. ಎರಡು, ಕಂಪನಿಯ ಹೆಸರಿನ ಜೊತೆ ಔಷಧದ ಮೂಲ ಹೆಸರು ಸ್ಪಷ್ಟವಾಗಿ ಇರಲಿ. ಮೂರು, ಟೈಪ್ ಮಾಡಲು ಆರೋಗ್ಯ ಕೇಂದ್ರಗಳಿಗೆ ಬೇರೆ ಸಿಬ್ಬಂದಿ ಕೊಡಿ. ನಾಲ್ಕು, ಒಪ್ಪಿಗೆಯನ್ನು ಕನ್ನಡದಲ್ಲಿ ಕೇಳಿ. ಒಪ್ಪಿಗೆಯ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆಯನ್ನು 2023ರ ದತ್ತಾಂಶ ರಕ್ಷಣಾ ಕಾಯ್ದೆಯೇ ಹೇಳುತ್ತದೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ, ದಿನಗಟ್ಟಲೆ ಕೈಬರಹದಲ್ಲಿ ಕೆಲಸ ನಡೆಸಬೇಕಾಯಿತು. ಯಾವುದಕ್ಕೆ ಹೂಂ ಎನ್ನುತ್ತಿದ್ದೇವೆ ಎಂದು ತಿಳಿಯದೆ ಹೂಂ ಎನ್ನಬೇಡಿ!

ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಗೆಳೆಯರೇ, ಪದಪಟ್ಟಿ ಕಟ್ಟುವ ಕೆಲಸ ನಿಮ್ಮಿಂದಾಗಲಿ. ಉಳಿದವರು ಈ ಸಲ ಊರಿಗೆ ಹೋದಾಗ ಅಮ್ಮನ ಮಾತ್ರೆ ಚೀಲ ತೆರೆಯಿರಿ. ಒಂದೊಂದರ ಮೇಲೂ ಅದು ಏನೆಂದು ಕನ್ನಡದಲ್ಲಿ ಬರೆದಿಡಿ. ಗೊತ್ತಿಲ್ಲದ್ದನ್ನು ಡಾಕ್ಟರಲ್ಲಿ ಕೇಳಿ.

ನಾನು ಆ ಡಾಕ್ಟರ ಬಳಿಗೆ ಹೋಗಿದ್ದೆ. ಅವರು ಒಪ್ಪಿದರು. ಈಗ ಅವರ ಚೀಟಿಯಲ್ಲಿ ‘ಯಾವುದಕ್ಕೆ’, ‘ಬೆಳಿಗ್ಗೆ’, ‘ಮಧ್ಯಾಹ್ನ’, ‘ರಾತ್ರಿ’ ಎಂಬ ನಾಲ್ಕು ಕನ್ನಡ ಕಾಲಂಗಳಿವೆ. ಒಂದು ಸಣ್ಣ ಪ್ರೆಸ್ಸಿಗೆ ಸಾಧ್ಯವಾದದ್ದು ಭಾರತ ಸರ್ಕಾರಕ್ಕೆ ಸಾಧ್ಯವಿಲ್ಲವೇ?