ಊಟದ ಜೊತೆ ಉರುಳುವ ಚೆಂಡು

ಹೋಟೆಲಿಗೆ ಹೋದರೆ ಊಟ, ಮೈದಾನಕ್ಕೆ ಹೋದರೆ ಆಟ ಎಂಬುದು ನಮ್ಮ ಹಿರಿಯರ ಕಾಲದ ಕ್ರಮವಾಗಿತ್ತು. ಈಗ ಎರಡೂ ಒಂದೇ ಸೂರಿನಡಿ ಬಂದಿವೆ. ದೊಡ್ಡ ಪೇಟೆಗಳ ಮಾಲ್‌ಗಳಲ್ಲಿ ಒಂದು ಬದಿಗೆ ಮೇಜು, ಕುರ್ಚಿ, ಪಿಜ್ಜಾ, ಬರ್ಗರ್. ಇನ್ನೊಂದು ಬದಿಗೆ ನುಣುಪಾದ ಹಾದಿಯ ಮೇಲೆ ಭಾರದ ಚೆಂಡು ಉರುಳಿಸಿ ಹತ್ತು ಪಿನ್ನುಗಳನ್ನು ಬೀಳಿಸುವ ಬೌಲಿಂಗ್. ಅದರಾಚೆ ದೀಪ ಮಿನುಗಿಸಿ ಸದ್ದು ಮಾಡುವ ಆಟದ ಯಂತ್ರಗಳ ಸಾಲು. ಗಲ್ಫಿನಿಂದ ತಿಂಗಳ ರಜೆಯಲ್ಲಿ ಬಂದವರು, ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿರುವವರು, ಮಕ್ಕಳ ಪರೀಕ್ಷೆ ಮುಗಿಯಿತೆಂದು ಹಗುರಾದವರು, ಹೀಗೆ ನಮ್ಮ ವಾಳೆಗಳಿಂದಲೂ ಗಡಿ ದಾಟಿ ಇಂಥ ಜಾಗಗಳಿಗೆ ಹೋಗಿಬರುವವರು ಹೆಚ್ಚುತ್ತಿದ್ದಾರೆ. ಕೃಷಿ ಮತ್ತು ಆರೋಗ್ಯದ ಅಂಕಣದಲ್ಲಿ ಇದರ ಮಾತೇಕೆ ಎಂದು ಕೆಲವರು ಕೇಳಿಯಾರು. ಹೊಟ್ಟೆ, ಸೊಂಟ, ಕಿಸೆ ಈ ಮೂರಕ್ಕೂ ತಟ್ಟುವ ವಿಷಯವಾದ್ದರಿಂದ ಬರೆಯುತ್ತಿದ್ದೇನೆ.

ಹೋಗುವುದೇ ತಪ್ಪೆಂದು ನಾನು ಹೇಳುವುದಿಲ್ಲ. ವರ್ಷವಿಡೀ ಒಲೆಯ ಮುಂದೆ ನಿಲ್ಲುವ ತಾಯಿಗೆ ಒಂದು ಮಧ್ಯಾಹ್ನ ಬಿಡುವು ಸಿಕ್ಕಿದರೆ, ತೋಟ ಬಿಟ್ಟು ಕದಲದ ಅಪ್ಪ ಮಕ್ಕಳೊಡನೆ ಚೆಂಡು ಹಿಡಿದು ನಕ್ಕರೆ ಅದನ್ನು ಬೇಡವೆನ್ನಲು ನಾನಾರು? ಆದರೆ ಒಂದು ಮಾತಿದೆ. ಅಡಿಕೆ ಮಾರುವಾಗ ಚೋಲು, ಹೊಸತು, ಪಟೋರ, ಉಳ್ಳಿ, ಕರಿಗೋಟು ಎಂದು ಬೇರೆ ಬೇರೆ ಮಾಡಿ, ತಕ್ಕಡಿಯ ಮೇಲಿಟ್ಟ ಕಣ್ಣು ತೆಗೆಯದೆ ನಿಲ್ಲುವವರು ನಾವು. ಈ ಅಂಗಡಿಯ ಬಾಗಿಲು ದಾಟಿದೊಡನೆ ಆ ಲೆಕ್ಕವೆಲ್ಲ ಮರೆತುಹೋಗುತ್ತದೆ. ಅಲ್ಲಿ ವ್ಯಾಪಾರಕ್ಕಿಟ್ಟ ಸರಕು ಯಾವುದೆಂದೇ ನಮಗೆ ಗೊತ್ತಿರುವುದಿಲ್ಲ. ಊಟವೂ ಅಲ್ಲ, ಆಟವೂ ಅಲ್ಲ. ನಾವು ಸುಮ್ಮನೆ ಕಾಯುವ ಹೊತ್ತನ್ನೇ ಅಲ್ಲಿ ದುಡ್ಡಾಗಿ ಮಾಡುತ್ತಾರೆ.

ಇದು ನನ್ನ ಕಲ್ಪನೆಯಲ್ಲ. ಈ ವ್ಯಾಪಾರದ ಹುಟ್ಟನ್ನು ನೋಡಿದರೆ ತಿಳಿಯುತ್ತದೆ. ಅಮೆರಿಕದ ಅಟಾರಿ ಎಂಬ ವಿಡಿಯೋ ಆಟದ ಕಂಪನಿಯನ್ನು 1972ರಲ್ಲಿ ಕಟ್ಟಿದವರಲ್ಲಿ ನೋಲನ್ ಬುಶ್ನೆಲ್ ಒಬ್ಬರು. ಆಟದ ಯಂತ್ರ ಮಾರಿದವನಿಗಿಂತ, ಅದನ್ನು ಕೊಂಡು ಅಂಗಡಿಯಲ್ಲಿಟ್ಟು ನಾಣ್ಯ ಎಣಿಸುವವನಿಗೆ ಲಾಭ ಹೆಚ್ಚೆಂದು ಅವರು ಕಂಡುಕೊಂಡರು. 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದಲ್ಲಿ ಪಿಜ್ಜಾ ಹೋಟೆಲೊಂದನ್ನು ತೆರೆದರು. ಪಿಜ್ಜಾವೇ ಯಾಕೆ? ಅದು ಬೆಂದು ಮೇಜಿಗೆ ಬರಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಮಕ್ಕಳು ಸುಮ್ಮನೆ ಕೂರುವುದಿಲ್ಲ. ಯಂತ್ರಕ್ಕೆ ನಾಣ್ಯ ಹಾಕುತ್ತಾರೆ. ಮುಂದೆ ಚಕ್ ಇ. ಚೀಸ್ ಎಂಬ ಹೆಸರಿನಲ್ಲಿ ಅದು ಊರೂರಿಗೆ ಹಬ್ಬಿತು. ಅದರ ಗುರುತು ಒಂದು ಇಲಿ. ಇಲಿಯ ಚಿತ್ರ ಹಾಕಿಕೊಂಡ ಹೋಟೆಲಿನಲ್ಲಿ ಊಟವೆಂದರೆ ಭತ್ತದ ತುಪ್ಪೆ ಕಾಯುತ್ತಿದ್ದ ನಮ್ಮ ಅಜ್ಜಿಯಂದಿರು ಏನನ್ನುತ್ತಿದ್ದರೋ!

ಇನ್ನೊಂದು ಕಥೆಯೂ ಇಂಥದ್ದೇ. ಅರ್ಕಾನ್ಸಾ ರಾಜ್ಯದ ಲಿಟ್ಲ್ ರಾಕ್ ಎಂಬಲ್ಲಿ ಒಬ್ಬರ ಊಟದ ಮನೆ, ಅದರ ಪಕ್ಕದಲ್ಲೇ ಇನ್ನೊಬ್ಬರ ಆಟದ ಮನೆ. ಜನ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುವುದನ್ನು ಕಂಡ ಆ ಇಬ್ಬರು ನಡುವಿನ ಗೋಡೆಯೇ ಬೇಡವೆಂದು ಸೇರಿಕೊಂಡು 1982ರಲ್ಲಿ ಡಲ್ಲಾಸ್ ನಗರದಲ್ಲಿ ಒಂದೇ ಕಟ್ಟಡ ತೆರೆದರು. ಅದೇ ಡೇವ್ ಅಂಡ್ ಬಸ್ಟರ್ಸ್. ಇತ್ತೀಚಿನ ವರ್ಷಗಳ ಅದರ ಲೆಕ್ಕಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆದಾಯ ಆಟಗಳದ್ದು, ಉಳಿದದ್ದು ಊಟ ಮತ್ತು ಪಾನೀಯದ್ದು. ಬೌಲಿಂಗ್ ಮತ್ತು ಊಟ ಸೇರಿದ ಮೇನ್ ಇವೆಂಟ್ ಎಂಬ ಇನ್ನೊಂದು ಕಂಪನಿಯನ್ನು 2022ರಲ್ಲಿ 83.5 ಕೋಟಿ ಡಾಲರಿಗೆ ಅದೇ ಕೊಂಡುಕೊಂಡಿತು. ಮಕ್ಕಳ ಆಟವೆಂದು ನಾವು ಹಗುರಾಗಿ ಕಾಣುವ ಈ ವ್ಯಾಪಾರದ ಗಾತ್ರ ಅಷ್ಟು.

ಬೌಲಿಂಗಿನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಪಿಜ್ಜಾ ಅಂಗಡಿಯಲ್ಲಿ ಊಟಕ್ಕೆ ಕಾಯುವವನು ಆಡುತ್ತಾನೆ. ಬೌಲಿಂಗ್ ಅಂಗಡಿಯಲ್ಲಿ ಆಟಕ್ಕೆ ಕಾಯುವವನು ತಿನ್ನುತ್ತಾನೆ. ಒಂದು ಆಟದಲ್ಲಿ ಒಬ್ಬನಿಗೆ ಹತ್ತು ಸರದಿ, ಸಾಮಾನ್ಯವಾಗಿ ಒಂದೊಂದು ಸರದಿಗೆ ಎರಡು ಎಸೆತ. ಹೆಚ್ಚೆಂದರೆ 21 ಎಸೆತ, ಒಂದಕ್ಕೆ ಅರ್ಧ ನಿಮಿಷ ಹಿಡಿಯಿರಿ. ಐವರ ಕುಟುಂಬ ಆಡಿದರೆ ಸುಮಾರು ಒಂದು ಗಂಟೆಯ ಆಟದಲ್ಲಿ ಒಬ್ಬೊಬ್ಬರು ಎದ್ದು ನಿಲ್ಲುವುದು ಹತ್ತು ನಿಮಿಷ ಮಾತ್ರ. ಉಳಿದ ನಲ್ವತ್ತು, ಐವತ್ತು ನಿಮಿಷ ಸೋಫಾದಲ್ಲಿ ಕೂತಿರುತ್ತೇವೆ, ಕೈಗೆಟಕುವಲ್ಲೇ ಹುರಿದ ಆಲೂಗಡ್ಡೆಯ ತಟ್ಟೆ ಇರುತ್ತದೆ. ಅಮೆರಿಕದ ವಿದ್ವಾಂಸ ರಾಬರ್ಟ್ ಪುಟ್ನಮ್ 1995ರಲ್ಲಿ ಬರೆದ ಹೆಸರಾಂತ ಲೇಖನವೊಂದರಲ್ಲಿ ಇದನ್ನು ಗಮನಿಸಿದ್ದಾರೆ. 1980ರಿಂದ 1993ರ ನಡುವೆ ಅಲ್ಲಿ ಬೌಲಿಂಗ್ ಆಡುವವರು ಶೇಕಡಾ 10ರಷ್ಟು ಹೆಚ್ಚಿದರು, ಆದರೆ ತಂಡ ಕಟ್ಟಿಕೊಂಡು ವಾರವಾರ ಆಡುವವರು ಶೇಕಡಾ 40ರಷ್ಟು ಕಡಿಮೆಯಾದರು. ಇದರಿಂದ ಅಂಗಡಿಯವರಿಗೆ ಚಿಂತೆ ಹತ್ತಿತು. ಕಾರಣ, ತಂಡವಾಗಿ ಬರುವವರು ಒಂಟಿಯಾಗಿ ಬರುವವರ ಮೂರರಷ್ಟು ಬಿಯರು, ಪಿಜ್ಜಾ ಖಾಲಿ ಮಾಡುತ್ತಿದ್ದರು. ಬೌಲಿಂಗಿನ ಲಾಭ ಇರುವುದೇ ಅದರಲ್ಲಿ, ಚೆಂಡು ಮತ್ತು ಬೂಟಿನಲ್ಲಲ್ಲ. ಪುಟ್ನಮ್ ಅವರ ಕೊರಗು ಜನ ಒಂಟಿಯಾಗುತ್ತಿದ್ದಾರೆಂಬುದು. ಅದು ನನಗೂ ಒಪ್ಪಿಗೆ. ಆದರೆ ಒಟ್ಟಿಗೆ ಬಂದವರ ಹೊಟ್ಟೆಯ ಗತಿ ಏನೆಂದೂ ಯೋಚಿಸಬೇಕಲ್ಲವೇ?

ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಹೋಗಿಬಂದ ಮೇಲೆ ಹೇಳಿದರು: "ಫಾದರ್, ಮೂರು ಗಂಟೆ ಅಲ್ಲಿದ್ದೆವು. ಯಾರು ಏನು ತಿಂದರೆಂದು ಬಿಲ್ಲು ನೋಡಿಯೇ ಗೊತ್ತಾದದ್ದು. ಮನೆಗೆ ಬಂದು ಎಲ್ಲರೂ ಮತ್ತೆ ಗಂಜಿ ಉಂಡರು." ಇದರಲ್ಲಿ ಆಶ್ಚರ್ಯವಿಲ್ಲ. ಗಮನ ಬೇರೆಡೆ ಇರುವಾಗ ತಿಂದರೆ ಏನಾಗುತ್ತದೆಂದು ಪರೀಕ್ಷಿಸಿದ 24 ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಎರಡು ಸಂಗತಿ ಕಂಡುಬಂದವು. ಗಮನವಿಲ್ಲದೆ ತಿನ್ನುವವರು ಆ ಹೊತ್ತಿಗೂ ಹೆಚ್ಚು ತಿನ್ನುತ್ತಾರೆ. ಮುಂದಿನ ಊಟಕ್ಕೆ ಇನ್ನಷ್ಟು ಹೆಚ್ಚು ತಿನ್ನುತ್ತಾರೆ. ತಿಂದದ್ದು ನೆನಪಿನಲ್ಲಿ ಉಳಿಯದಿದ್ದರೆ ತಿಂದ ತೃಪ್ತಿಯೂ ಉಳಿಯುವುದಿಲ್ಲ. ಆ ತಾಯಿಯ ಮನೆಯ ಗಂಜಿಯ ಗುಟ್ಟು ಇದೇ ಇರಬೇಕು.

ಇನ್ನು ಕುಡಿಯುವ ವಿಷಯ. 300 ಮಿಲಿಲೀಟರಿನ ಒಂದು ಕೋಲಾದಲ್ಲಿ ಸುಮಾರು 32 ಗ್ರಾಂ ಸಕ್ಕರೆ, ಅಂದರೆ ಎಂಟು ಚಹಾ ಚಮಚೆ. ಮನೆಯಲ್ಲಿ ಎಂಟು ಚಮಚೆ ಸಕ್ಕರೆ ಹಾಕಿದ ಚಹಾ ಕೊಟ್ಟರೆ ನೀವು ಲೋಟ ಕೆಳಗಿಡುತ್ತೀರಿ. ಸೇರಿಸಿದ ಸಕ್ಕರೆಯಂಥವು ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಮಿನೊಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೊಡ್ಡವರಿಗೆ ಹೇಳಿದ ಮಾತಿನ ಸಾರ. ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ. ನಮ್ಮ ಕೇರಳ ಸರ್ಕಾರ 2016ರಲ್ಲಿ ದೊಡ್ಡ ಹೆಸರಿನ ಹೋಟೆಲುಗಳ ಪಿಜ್ಜಾ, ಬರ್ಗರ್ ಮೊದಲಾದವುಗಳ ಮೇಲೆ ಶೇಕಡಾ 14.5ರ ತೆರಿಗೆ ಹಾಕಿತ್ತು, ಜನ ಅದನ್ನು ಕೊಬ್ಬಿನ ತೆರಿಗೆ ಎಂದು ಕರೆದರು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅದು ಅದರೊಳಗೆ ಕರಗಿಹೋಯಿತು. ತೆರಿಗೆಯನ್ನು ನಂಬಿ ಮಕ್ಕಳ ನಾಲಿಗೆ ಕಾಯುವಂತಿಲ್ಲ.

ರೈತನಾಗಿ ಇನ್ನೊಂದು ಪ್ರಶ್ನೆ ಕೇಳಿ. ಆ ಮೇಜಿನ ಮೇಲೆ ನಮ್ಮ ಊರಿನದ್ದು ಏನಿದೆ? ಮೈದಾ, ಚೀಸ್, ಆಲೂಗಡ್ಡೆ, ಕೋಲಾ. ತೆಂಗಿನದ್ದು ಒಂದೂ ಇಲ್ಲ. ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಚಿಪ್ಸ್ ಮಾಡುವ ವಿಧಾನವನ್ನು, ಹೊಂಬಾಳೆಯ ರಸವನ್ನು ಹುಳಿಯಾಗದಂತೆ ತಂಪಿನಲ್ಲೇ ಸಂಗ್ರಹಿಸಿ ಕಲ್ಪರಸವಾಗಿ ಮಾರುವ ವಿಧಾನವನ್ನು ರೂಪಿಸಿಕೊಟ್ಟಿದೆ. ಮಾಲ್‌ಗೆ ಹೋದ ನೂರು ಜನ ಬೊಂಡ ಇದೆಯೇ, ತೆಂಗಿನ ಚಿಪ್ಸ್ ಇದೆಯೇ ಎಂದು ಕೇಳಿದರೆ ನೂರಾ ಒಂದನೆಯವನು ಕೇಳುವಾಗ ಅದು ಅಲ್ಲಿ ಇದ್ದೀತು. ಬೊಂಡದ ನೀರಿನಲ್ಲೂ ಸಿಹಿ ಇದೆ, ಕೋಲಾದ ಸರಿಸುಮಾರು ಅರ್ಧದಷ್ಟು. ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳಿಕೊಳ್ಳಲಿ. ಆದರೂ ದುಡ್ಡು ತೆಂಗು ಬೆಳೆದವನಿಗೆ ಸೇರುತ್ತದೆ.

ಆಟದ ಬಗ್ಗೆ ನನಗೆ ದ್ವೇಷವಿಲ್ಲ. ಬೌಲಿಂಗಿಗೂ ಧರ್ಮಕ್ಕೂ ನಂಟು ಕಟ್ಟುವ ಐತಿಹ್ಯವೊಂದಿದೆ. ಹಳೆಯ ಜರ್ಮನಿಯಲ್ಲಿ ಇಗರ್ಜಿಯ ಮೊಗಸಾಲೆಯ ತುದಿಯಲ್ಲಿ ದೊಣ್ಣೆಯೊಂದನ್ನು ನಿಲ್ಲಿಸಿ ಅದನ್ನು ಪಾಪವೆಂದು ಎಣಿಸಿ, ಕಲ್ಲುರುಳಿಸಿ ಬೀಳಿಸುತ್ತಿದ್ದರಂತೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ. ಅಷ್ಟು ಚೆನ್ನಾಗಿಲ್ಲದ ಕಥೆಯೊಂದು ನಿಜವೇ. ಬಿದ್ದ ಪಿನ್ನುಗಳನ್ನು ಎತ್ತಿ ನಿಲ್ಲಿಸುವ ಯಂತ್ರ ಬರುವ ಮೊದಲು ಆ ಕೆಲಸಕ್ಕೆ ಹುಡುಗರನ್ನಿಡುತ್ತಿದ್ದರು. ನ್ಯೂಯಾರ್ಕಿನಲ್ಲಿ ನಡುರಾತ್ರಿ ಕಳೆದ ಮೇಲೂ ದುಡಿಯುತ್ತಿದ್ದ ಇಂಥ ಮಕ್ಕಳ ಚಿತ್ರಗಳನ್ನು 1910ರಲ್ಲಿ ಲೂಯಿಸ್ ಹೈನ್ ತೆಗೆದಿದ್ದಾರೆ. 1950ರ ದಶಕದಲ್ಲಿ ಯಂತ್ರಗಳು ಎಲ್ಲೆಡೆ ಬಂದ ಮೇಲೆ ಆ ಮಕ್ಕಳ ಕೆಲಸ ತಪ್ಪಿತು. ಯಂತ್ರವನ್ನು ಹೊಗಳಲು ನನಗೆ ಸಿಗುವ ಕೆಲವೇ ಕಾರಣಗಳಲ್ಲಿ ಇದೊಂದು.

ನಮ್ಮಲ್ಲಿಯೂ ಇದರ ದಾಯಾದಿಗಳಿದ್ದಾರೆ. ಲಗೋರಿಯಲ್ಲಿ ಚೆಂಡೆಸೆದು ಕಲ್ಲಿನ ಅಟ್ಟಿ ಬೀಳಿಸುತ್ತೇವೆ, ಮತ್ತೆ ಓಡುತ್ತೇವೆ. ಬೇಸಿಗೆಯಲ್ಲಿ ಗೇರುಬೀಜಗಳನ್ನು ಸಾಲಾಗಿಟ್ಟು ದೂರದಿಂದ ಹೊಡೆದು, ಹಾರಿದ್ದನ್ನು ಗೆದ್ದುಕೊಳ್ಳುವ ಆಟವಂತೂ ಬೌಲಿಂಗಿನ ಒಡಹುಟ್ಟು. ಅಲ್ಲಿಯೂ ಸೋಲುಗೆಲುವಿನ ಆಸೆ ಇತ್ತು, ಮಾರಬೇಕಾದ ಬೀಜ ಕಿಸೆಗೆ ಹೋಯಿತೆಂದು ಅಪ್ಪನ ಬೈಗುಳವೂ ಇತ್ತು. ಆದರೆ ಎಷ್ಟು ಬೀಜ ಕಳೆದುಕೊಂಡೆನೆಂದು ಮಗುವಿಗೆ ಕಣ್ಣಿಗೆ ಕಾಣುತ್ತಿತ್ತು. ಈಗಿನ ಆಟದ ಮನೆಯಲ್ಲಿ ರೂಪಾಯಿ ಕಾರ್ಡಿನೊಳಗೆ ಸೇರಿ ಅಂಕವಾಗುತ್ತದೆ. ಕಾರ್ಡು ಉಜ್ಜಿದಾಗ ಎಷ್ಟು ಹೋಯಿತೆಂದು ಮಗುವಿಗೂ ತಿಳಿಯದು, ಅಪ್ಪನಿಗೂ ತಿಳಿಯದು. ಕೊನೆಗೆ ಕಾರ್ಡಿನಲ್ಲಿ ಇನ್ನೊಂದು ಆಟಕ್ಕೆ ಸಾಲದಷ್ಟು ಹಣ ಉಳಿದಿರುತ್ತದೆ. ಅದಕ್ಕೆ ಇನ್ನಷ್ಟು ತುಂಬಿಸುವವರು ಹಲವರು.

ಸೊಂಟದ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅತಿ ಭಾರದ ಬೌಲಿಂಗ್ ಚೆಂಡು 16 ಪೌಂಡು, ಅಂದರೆ ಏಳು ಕಿಲೋ ಮೀರುತ್ತದೆ. ತಮ್ಮ ಮೈತೂಕದ ಹತ್ತನೇ ಒಂದು ಪಾಲಿಗಿಂತ ಭಾರದ್ದನ್ನು ಹೊಸಬರು ಎತ್ತಬಾರದೆಂಬುದು ಆಟಗಾರರ ರೂಢಿ. ಗೊಬ್ಬರದ ಮೂಟೆ ಹೊರುವವನಿಗೆ ಏಳು ಕಿಲೋ ಏನು ಮಹಾ ಎನ್ನಬೇಡಿ. ಮೂಟೆ ಬೆನ್ನ ಮೇಲಿರುತ್ತದೆ, ಇದು ಮೂರು ಬೆರಳಿಗೆ ನೇತಾಡುತ್ತದೆ. ಗೆರೆ ದಾಟಿ ಕಾಲಿಡಬಾರದು, ಆ ಹಾದಿಗೆ ಎಣ್ಣೆ ಬಳಿದಿರುತ್ತಾರೆ. ಹತ್ತಾರು ಜನ ಬೆರಳು ತೂರಿಸಿದ ತೂತಿನಿಂದ ತೆಗೆದ ಕೈಯನ್ನು ಸಾಬೂನಿನಿಂದ ತೊಳೆಯದೆ ತಟ್ಟೆಗೆ ಹಾಕಬಾರದೆಂದು ಬೇರೆ ಹೇಳಬೇಕೇ?

ಎಲ್ಲಕ್ಕಿಂತ ದೊಡ್ಡ ಮಾತು ಜೀವದ್ದು. 2024ರ ಮೇ 25, ಶನಿವಾರ, ಬೇಸಿಗೆ ರಜೆ. ಗುಜರಾತಿನ ರಾಜಕೋಟದ ಟಿಆರ್‌ಪಿ ಗೇಮ್ ಝೋನ್‌ನಲ್ಲಿ 99 ರೂಪಾಯಿಯ ರಿಯಾಯಿತಿ ಟಿಕೆಟಿಗೆ ಜನ ಸೇರಿದ್ದರು. ಅಲ್ಲಿ ವೆಲ್ಡಿಂಗ್ ಕೆಲಸವೂ ನಡೆಯುತ್ತಿತ್ತು, ಇಂಧನದ ದಾಸ್ತಾನೂ ಇತ್ತು. ಬೆಂಕಿ ಹತ್ತಿ 27 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಆ ಜಾಗಕ್ಕೆ ಇರಲಿಲ್ಲ. ಇದು ಮನುಷ್ಯರೇ ಮಾಡಿದ ದುರಂತವೆಂದು ಗುಜರಾತ್ ಹೈಕೋರ್ಟು ಹೇಳಿತು. ಪತ್ರ ಇದೆಯೋ ಇಲ್ಲವೋ ಎಂದು ನೋಡುವುದು ಅಧಿಕಾರಿಗಳ ಕೆಲಸ, ಸರಿ. ಎರಡನೆಯ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಹಾಕಿದ್ದಾರೆಯೇ, ಅದರ ಮುಂದೆ ಪೆಟ್ಟಿಗೆಗಳನ್ನು ಪೇರಿಸಿದ್ದಾರೆಯೇ ಎಂದು ನೋಡುವುದು ಮಗುವಿನ ಕೈ ಹಿಡಿದು ಒಳಗೆ ಹೋಗುವ ಅಪ್ಪ ಅಮ್ಮನ ಕೆಲಸ. ಬಾಗಿಲು ಕಾಣದಿದ್ದರೆ ಟಿಕೆಟಿನ ಹಣ ಹೋದರೂ ಸರಿ, ಹೊರಗೆ ಬನ್ನಿ.

ನಮ್ಮ ಯುವಜನರು ಬರುವ ರಜೆಯಲ್ಲಿ ಮಂಗಳೂರಿಗೆ ಹೀಗೊಂದು ದಿನದ ಪ್ರವಾಸ ಇಟ್ಟುಕೊಳ್ಳುತ್ತೇವೆಂದು ಕೇಳಿದ್ದಾರೆ. ಒಪ್ಪಿದ್ದೇನೆ. ಊಟ ಮಾಡಿ ಮುಗಿಸಿ ನಂತರ ಒಳಗೆ ಹೋಗುವುದು, ತಲೆಗೆ ಇಂತಿಷ್ಟೆಂದು ಹಣವನ್ನು ಮೊದಲೇ ಕಟ್ಟುವುದು, ಕಾರ್ಡಿಗೆ ಎರಡನೆಯ ಸಲ ಹಣ ತುಂಬದಿರುವುದು, ಬಿಯರು ಮುಟ್ಟದಿರುವುದು, ಜೊತೆಗೆ ಹೋಗುವ ಇಬ್ಬರು ಹಿರಿಯರು ಮೊದಲು ಬಾಗಿಲುಗಳನ್ನು ನೋಡಿ ಬರುವುದು ಎಂದು ಅವರೇ ಬರೆದುಕೊಟ್ಟಿದ್ದಾರೆ. ಬಸ್ಸಿಗೆ ಬೊಂಡವನ್ನು ನಾವೇ ಹಾಕಿಕೊಂಡು ಹೋಗುವುದೆಂದೂ ಆಗಿದೆ. ಹೆಸರು ಕೊಡುವವರು ಭಾನುವಾರದ ಬಲಿಪೂಜೆಯ ನಂತರ ತಮ್ಮ ವಾಳೆಯ ಗುರಿಕಾರರಲ್ಲಿ ಕೊಡಬೇಕು. ಬೊಂಡ ಯಾರ ತೋಟದ್ದೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.