ಪಾಲಿಕೆಯೇ ಬಾಡಿಗೆದಾರನಾದಾಗ

ಜೀವನ್ ಬಿಮಾ ನಗರದಂತಹ ಬಡಾವಣೆಗಳಲ್ಲಿ ಮಕ್ಕಳು ಹೊರದೇಶಗಳಲ್ಲಿ ನೆಲೆಸಿ, ವೃದ್ಧ ತಂದೆತಾಯಿಗಳು ಮೇಲ್ಮಹಡಿಯಲ್ಲಿ ಉಳಿದು, ಕೆಳಮನೆ ಬರಿದಾಗಿರುವ ಕುಟುಂಬಗಳು ನಮ್ಮವರಲ್ಲಿಯೂ ಹಲವು. ಇಂತಹ ಮನೆಯನ್ನು ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಬಾಡಿಗೆಗೆ ಕೊಡಬಹುದೇ ಎಂಬುದು ಈಗ ಕೇವಲ ಮನೆಯವರ ಪ್ರಶ್ನೆಯಾಗಿ ಉಳಿದಿಲ್ಲ. ರಾಜ್ಯ ಸರ್ಕಾರವು 2022-23ರ ಮುಂಗಡಪತ್ರದಲ್ಲಿ 'ನಮ್ಮ ಕ್ಲಿನಿಕ್' ಯೋಜನೆಯನ್ನು ಘೋಷಿಸಿ, ಬೆಂಗಳೂರಿನ 243 ವಾರ್ಡುಗಳಿಗೆ ಒಂದೊಂದು ಕೇಂದ್ರವೆಂದು ಹೊರಟಾಗ, ಪ್ರತಿ ವಾರ್ಡಿನಲ್ಲಿಯೂ ಪಾಲಿಕೆಗೆ ಸ್ವಂತ ಕಟ್ಟಡವೆಲ್ಲಿತ್ತು? ಖಾಸಗಿ ಮಾಲೀಕರ ಬಾಗಿಲು ತಟ್ಟದೆ ಗತ್ಯಂತರವಿರಲಿಲ್ಲ.

ಮಾಲೀಕರು ಹಿಂಜರಿಯುತ್ತಾರೆ. ಬಾಡಿಗೆ ಸಕಾಲಕ್ಕೆ ಬಾರದು, ಒಮ್ಮೆ ಒಳಹೊಕ್ಕ ಸರ್ಕಾರ ಹೊರಡದು ಎಂಬ ಭಯ. ಈ ಭಯದ ಬಹುಪಾಲು 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದ್ದೆಂದು ನಮಗೆ ತೋರುತ್ತದೆ. ಆ ಸ್ಥಾನದಲ್ಲಿ ಬಂದ ಕರ್ನಾಟಕ ಬಾಡಿಗೆ ಕಾಯಿದೆ, 1999, ವಾಸೇತರ ಬಳಕೆಯ ಕಟ್ಟಡವು 14 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ಅದಕ್ಕೆ ಅನ್ವಯಿಸುವುದಿಲ್ಲ. ಚಿಕಿತ್ಸಾ ಕೇಂದ್ರವೆಂಬುದು ಅದಕ್ಕಿಂತ ಚಿಕ್ಕದಾಗಿರಲು ಸಾಧ್ಯವೇ? ಹಾಗಾಗಿ ಮಾಲೀಕನನ್ನು ಕಟ್ಟಿಹಾಕುವುದೂ ಕಾಪಾಡುವುದೂ ಮುಖ್ಯವಾಗಿ ಅವನು ಸಹಿ ಹಾಕುವ ಕರಾರೇ. ಅವಧಿ ಎಷ್ಟು, ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರಬೇಕು, ಎಷ್ಟು ತಿಂಗಳ ತಿಳಿವಳಿಕೆ ಕೊಟ್ಟು ಬಿಡಿಸಬಹುದು, ಹೊರಡುವಾಗ ಗೋಡೆ, ನೆಲ, ನಲ್ಲಿಗಳನ್ನು ಯಾರು ಸರಿಪಡಿಸಬೇಕು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರಬೇಕು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಹನ್ನೊಂದು ತಿಂಗಳ ಛಾಪಾ ಕಾಗದದ ಅಭ್ಯಾಸವನ್ನು ಇಲ್ಲಿಗೆ ತರುವುದು ವಿವೇಕವಲ್ಲ.

ಸಹಿ ಹಾಕುವವರಾರು ಎಂಬುದು ಇನ್ನೂ ಮುಖ್ಯ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕೊನೆಗೊಂಡು, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದವು. ಸರ್ವಜ್ಞನಗರ, ಸಿ.ವಿ. ರಾಮನ್ ನಗರ ಎಂದು ಗುರುತಿಸಿ ಕಚೇರಿ ಹುಡುಕುತ್ತಿದ್ದವರು ಈಗ ಹೊಸ ನಾಮಫಲಕಗಳನ್ನು ಓದಬೇಕಾಗಿದೆ. ಹಳೆಯ ಪಾಲಿಕೆಯ ಹೆಸರಿನಲ್ಲಿ ಕರಾರು ಮಾಡಿಕೊಂಡವರು, ಬಾಡಿಗೆಯ ಹೊಣೆ ಯಾವ ಪಾಲಿಕೆಯದೆಂದು ಲಿಖಿತವಾಗಿ ಪಡೆದಿರುವುದು ಒಳಿತು. ಹೊಸದಾಗಿ ಕೊಡುವವರು, ವಾರ್ಡಿನ ಸಿಬ್ಬಂದಿಯ ಮಾತಿನ ಮೇಲೆ ಬೀಗದ ಕೈ ಒಪ್ಪಿಸದೆ, ಅಧಿಕಾರವುಳ್ಳ ಅಧಿಕಾರಿಯ ಸಹಿಯನ್ನೇ ಕೇಳಲಿ.

ಕಟ್ಟಡದ ಸಿದ್ಧತೆಗೂ ಹಣ ಬೇಕು. ವಿಕಲಚೇತನರ ಹಕ್ಕುಗಳ ಕಾಯಿದೆ, 2016 ಇರುವಾಗ ಮೆಟ್ಟಿಲು ಮಾತ್ರವಿರುವ ಮನೆ ಸಾಲದು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಲಸಿಕೆಯ ಶೀತಲ ಪೆಟ್ಟಿಗೆಗೆ ಭದ್ರವಾದ ವಿದ್ಯುತ್ ಜೋಡಣೆ, ತೊಳೆಯಬಹುದಾದ ನೆಲ, ಪ್ರತ್ಯೇಕ ಶೌಚಾಲಯ ಬೇಕು. ವೈದ್ಯಕೀಯ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇರಿಸಿಕೊಳ್ಳುವಂತಿಲ್ಲವಾದ ಕಾರಣ ಅದಕ್ಕೆ ಬೀಗವಿರುವ ಮೂಲೆಯೂ ಬೇಕು. ಮೇಲ್ಮಹಡಿಯ ಹಿರಿಯರ ದಾರಿ ರೋಗಿಗಳ ಸಾಲಿನಿಂದ ಬೇರೆಯಾಗಿರಲಿ. ಇವುಗಳಲ್ಲಿ ಯಾವುದನ್ನು ಯಾರು ಮಾಡಿಸುತ್ತಾರೆಂಬುದನ್ನು ಕೆಲಸಗಾರರನ್ನು ಕರೆಸುವ ಮೊದಲೇ ಬರೆದುಕೊಳ್ಳುವುದು ಲೇಸು. ವಿದ್ಯುತ್ ದರವೂ ಆಸ್ತಿ ತೆರಿಗೆಯೂ ವಾಸದ ಮನೆಯ ಲೆಕ್ಕದಲ್ಲಿ ಉಳಿಯವು ಎಂಬುದನ್ನು ಬಾಡಿಗೆ ಹೇಳುವಾಗಲೇ ಎಣಿಸಿಕೊಳ್ಳತಕ್ಕದ್ದು. ಬೆಂಗಳೂರಿನ ರೂಢಿಯ ಹತ್ತು ತಿಂಗಳ ಮುಂಗಡವನ್ನು ಸರ್ಕಾರದಿಂದ ನಿರೀಕ್ಷಿಸುವುದು ಕಷ್ಟ. ಬಾಡಿಗೆಯೂ ಲೋಕೋಪಯೋಗಿ ಇಲಾಖೆಯ ದರಕ್ಕೆ ಒಳಪಡುವುದೇ ವಾಡಿಕೆ. ನೂರಡಿ ರಸ್ತೆಯ ಅಂಗಡಿಗಳ ಬಾಡಿಗೆಯೊಡನೆ ಅದನ್ನು ಹೋಲಿಸಿದವರಿಗೆ ನಿರಾಶೆಯೇ ಗತಿ.

ಆದರೂ ಕೊಡಬಹುದೆಂಬುದು ನಮ್ಮ ಅಭಿಪ್ರಾಯ. ಇಲ್ಲಿನ ಮನೆಗಳಲ್ಲಿ ಪಾತ್ರೆ ತೊಳೆದು, ಅಡುಗೆ ಮಾಡಿ, ಹೊಸ ತಿಪ್ಪಸಂದ್ರ, ಕೋಡಿಹಳ್ಳಿ, ಮುರುಗೇಶ್ ಪಾಳ್ಯಗಳ ಇಕ್ಕಟ್ಟಿನ ಕೋಣೆಗಳಿಗೆ ಮರಳುವ ಹೆಂಗಸರಿಗೆ ರಕ್ತದೊತ್ತಡದ ಗುಳಿಗೆ ಉಚಿತವಾಗಿ ದೊರಕುವ ತಾಣವು ನಡೆದು ಹೋಗುವಷ್ಟು ಹತ್ತಿರದಲ್ಲಿರಬೇಕು. ಆದರೆ ಪಿಂಚಣಿಯಷ್ಟನ್ನೇ ನಂಬಿದ ವೃದ್ಧರಿಂದ ತಿಂಗಳುಗಟ್ಟಲೆ ಸಾಲ ಪಡೆದು ಪಾಲಿಕೆಯು ಆ ಸೇವೆಯನ್ನು ನಡೆಸಲಾಗದು. ಬಾಡಿಗೆಯ ದಿನಾಂಕವನ್ನೂ, ಅದು ತಪ್ಪಿದಾಗ ಉತ್ತರಿಸಬೇಕಾದ ಅಧಿಕಾರಿಯ ಹುದ್ದೆಯನ್ನೂ ಕರಾರಿನಲ್ಲೇ ನಮೂದಿಸಲು ಹೊಸ ಪಾಲಿಕೆಗಳು ಒಪ್ಪಿದರೆ, ಬೀಗ ಹಾಕಿದ ಎಷ್ಟೋ ಕೆಳಮನೆಗಳು ತೆರೆದಾವು.