ಅಂಗಡಿಗೆ ಬೋರ್ಡಿದೆ, ಪಾಲಿಗೆ ಪತ್ರವಿಲ್ಲ

ಪುತ್ತೂರಿನ ಬೊಳುವಾರಿನಿಂದ ದರ್ಬೆಯವರೆಗೆ, ಸುಳ್ಯದ ಗಾಂಧಿನಗರದಿಂದ ಹಳೆಗೇಟಿನವರೆಗೆ, ಕಡಬ ಪೇಟೆಯ ಎರಡೂ ಬದಿಗಳಲ್ಲಿ ಒಮ್ಮೆ ನಡೆದು ನೋಡಿದವರು ಮುಸ್ಲಿಮ್ ಸಮುದಾಯದಲ್ಲಿ ಉದ್ಯಮಶೀಲತೆಯ ಕೊರತೆಯಿದೆಯೆಂದು ಹೇಳಲಾರರು. ಬೇಕರಿ, ಚಪ್ಪಲಿ, ಮೊಬೈಲ್ ರಿಪೇರಿ, ಮೀನು, ಗುಜರಿ, ಮರ, ಅಡಿಕೆ, ಕಾಳುಮೆಣಸು, ರಬ್ಬರ್ ಶೀಟು, ಹೀಗೆ ಕೈಹಾಕದ ವ್ಯಾಪಾರವೇ ಕಡಿಮೆ. 2006ರಲ್ಲಿ ಸಾಚಾರ್ ಸಮಿತಿಯು ಸಲ್ಲಿಸಿದ ವರದಿಯೂ ಇದನ್ನೇ ಹೇಳಿತ್ತು. ಈ ದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ಸ್ವಂತ ಉದ್ಯೋಗ ಮಾಡುವವರ ಪ್ರಮಾಣ ಇತರರಿಗಿಂತ ಹೆಚ್ಚು. ಸಂಬಳದ ಖಾಯಂ ನೌಕರಿಯಲ್ಲಿರುವವರ ಪ್ರಮಾಣ ಕಡಿಮೆ. ಇಂತಹ ಸಮುದಾಯದ ಮುಂದೆ ನಿಂತು 'ಸ್ವಂತ ಕಾಲ ಮೇಲೆ ನಿಲ್ಲಿ, ವ್ಯಾಪಾರ ಮಾಡಿ' ಎಂದು ಉಪದೇಶಿಸುವುದು ಈಜುವವನಿಗೆ ನೀರು ತೋರಿಸಿದಂತೆ.

ನಮ್ಮ ಪ್ರಶ್ನೆ ಬೇರೆ. ರಿಬ್ಬನ್ ಕತ್ತರಿಸಿ, ದುಆ ಮಾಡಿಸಿ, ಶರಬತ್ತು ಹಂಚಿ ಆರಂಭವಾದ ಅಂಗಡಿಯೊಂದು ಮೂರನೆಯ ವರ್ಷಕ್ಕೆ ಜಮಾಅತ್ ಕಮಿಟಿಯ ಮೇಜಿನ ಮುಂದೆ ಜಗಳವಾಗಿ ಬಂದು ಕುಳಿತುಕೊಳ್ಳುವುದೇಕೆ? ಗಿರಾಕಿಗಳಿಲ್ಲದೆ ಮುಚ್ಚಿದ ಅಂಗಡಿಗಳಿವೆ, ನಿಜ. ಆದರೆ ಗಿರಾಕಿಗಳಿದ್ದೂ, ಲಾಭವಿದ್ದೂ, ಪಾಲುದಾರರ ನಡುವೆ ಮಾತು ಕೆಟ್ಟು ಮುಚ್ಚಿದ ಅಂಗಡಿಗಳು ನಮ್ಮ ಪ್ರತಿಯೊಂದು ಪೇಟೆಯಲ್ಲೂ ಇವೆ. ಅವುಗಳ ಬಗ್ಗೆ ನಾವು ಮಾತನಾಡುವುದಿಲ್ಲ. ಮಾತನಾಡಿದರೂ 'ನಸೀಬು' ಎಂದು ಮುಗಿಸಿಬಿಡುತ್ತೇವೆ.

ಅಂಗಡಿ ಹುಟ್ಟುವ ಬಗೆಯನ್ನು ನೋಡಿ. ಗಲ್ಫಿನಲ್ಲಿರುವವನು ಹಣ ಹಾಕುತ್ತಾನೆ. ಊರಿನಲ್ಲಿರುವ ಭಾವನೋ ಗೆಳೆಯನೋ ಗಲ್ಲಾದಲ್ಲಿ ಕೂರುತ್ತಾನೆ. ಮೂರನೆಯವನು ತನ್ನ ಕಟ್ಟಡದಲ್ಲಿ ಕೋಣೆ ಕೊಟ್ಟು, ಮುಂಗಡದ ಹಣವನ್ನೇ ತನ್ನ ಪಾಲೆಂದು ಎಣಿಸಿಕೊಳ್ಳುತ್ತಾನೆ. ಮಾತುಕತೆ ಮುಗಿಯುವುದು ಫೋನಿನಲ್ಲಿ. ಗಲ್ಲಾದಲ್ಲಿ ಕೂರುವವನಿಗೆ ಪಾಲಿನ ಜೊತೆಗೆ ಸಂಬಳವೂ ಇದೆಯೇ? ಲಾಭವನ್ನು ಹೊಸ ಸರಕಿಗೆ ಹಾಕಿದರೆ ಅದು ಯಾರ ಬಂಡವಾಳ? ಸಾಲದಲ್ಲಿ ತಂದ ಮಾಲಿಗೆ ಹೊಣೆ ಯಾರು? ಒಬ್ಬನು ಬಿಟ್ಟುಹೋಗಬೇಕೆಂದರೆ ಅವನ ಪಾಲಿನ ಬೆಲೆ ಕಟ್ಟುವವರು ಯಾರು? ಇವುಗಳಲ್ಲಿ ಒಂದನ್ನೂ ಯಾರೂ ಕೇಳುವುದಿಲ್ಲ. ಕೇಳಿದವನು 'ನನ್ನ ಮೇಲೆ ನಂಬಿಕೆಯಿಲ್ಲವೇ?' ಎಂಬ ಮರುಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಕಾಗದ ಕೇಳುವುದೆಂದರೆ ನಮ್ಮಲ್ಲಿ ಅವಮಾನ ಮಾಡಿದಂತೆ.

ಈ ಮನೋಭಾವ ನಮಗೆ ಎಲ್ಲಿಂದ ಬಂತೆಂದು ತಿಳಿಯದು; ಕುರ್‌ಆನ್‌ನಿಂದಂತೂ ಬಂದಿಲ್ಲ. ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘ ವಚನವು ನಮಾಝಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಅಲ್‌ಬಕರಃ ಅಧ್ಯಾಯದ 282ನೆಯ ಆ ವಚನವು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಅವಧಿಯ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಲು ಕರೆದರೆ ನಿರಾಕರಿಸಬಾರದು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಬರೆಯಲು ಬೇಸರಿಸಬಾರದು, ಬರೆದವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದು, ಹೀಗೆ ಒಂದು ನೋಂದಣಿ ಕಚೇರಿಯ ನಿಯಮಾವಳಿಯಷ್ಟು ವಿವರವಾಗಿ ಅದು ಹೇಳುತ್ತದೆ. ಅದರಲ್ಲೊಂದು ಸೂಕ್ಷ್ಮವಿದೆ. ಪತ್ರದ ಮಾತುಗಳನ್ನು ಹೇಳಿ ಬರೆಸಬೇಕಾದವನು ಸಾಲ ಕೊಟ್ಟವನಲ್ಲ, ಪಡೆದವನು. ದುರ್ಬಲನ ಬಾಯಿಂದಲೇ ಹೊಣೆಯು ದಾಖಲಾಗಲಿ, ಬಲವಿರುವವನು ತನಗೆ ಬೇಕಾದಂತೆ ಬರೆಸಿಕೊಳ್ಳದಿರಲಿ ಎಂಬುದು ಇದರ ಹಿಂದಿರುವ ನ್ಯಾಯ. ನಿಂತ ಕಾಲಲ್ಲಿ ನಡೆಯುವ ರೊಕ್ಕದ ವ್ಯಾಪಾರಕ್ಕೆ ಮಾತ್ರ ಬರೆಯದಿದ್ದರೂ ಅಡ್ಡಿಯಿಲ್ಲವೆಂಬ ವಿನಾಯಿತಿಯಿದೆ.

ಹೆಚ್ಚಿನ ಫುಕಹಾಗಳು ಇದನ್ನು ಕಡ್ಡಾಯವೆನ್ನದೆ, ಅಪೇಕ್ಷಣೀಯವೆಂದಿದ್ದಾರೆ. ಪರಸ್ಪರ ನಂಬಿಕೆಯಿದ್ದಲ್ಲಿ ನಂಬಿಕೆಗೆ ಪಾತ್ರನಾದವನು ತನ್ನ ಹೊಣೆಯನ್ನು ಸಲ್ಲಿಸಲಿ ಎಂದು ಮುಂದಿನ ವಚನವು ಹೇಳುವುದೇ ಅವರ ಆಧಾರ. ವಿಚಿತ್ರವೆಂದರೆ, ವಿದ್ವಾಂಸರ ನೂರು ಎಚ್ಚರಿಕೆಗಳಲ್ಲಿ ಈ ಒಂದು ರಿಯಾಯಿತಿಯನ್ನು ಮಾತ್ರ ನಾವು ಚೆನ್ನಾಗಿ ಕಲಿತುಕೊಂಡೆವು. ಹಿಜ್‌ರತ್ ಮಾಡಿ ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ತನ್ನ ಅನ್ಸಾರಿ ಸಹೋದರ ನೀಡಬಂದ ಅರ್ಧ ಸಂಪತ್ತನ್ನು ವಿನಯದಿಂದ ನಿರಾಕರಿಸಿ, ಮಾರುಕಟ್ಟೆಯ ದಾರಿ ಕೇಳಿದ ಪ್ರಸಂಗವನ್ನು ನಮ್ಮ ಖತೀಬರು ಎಷ್ಟು ಸಲ ಹೇಳಿಲ್ಲ? ಅದೇ ಮಿಂಬರಿನಿಂದ 282ನೆಯ ವಚನದ ವಿವರಣೆಯನ್ನು ಕೇಳಿದವರು ಎಷ್ಟು ಮಂದಿ?

ಇನ್ನು ದೇಶದ ಕಾನೂನು. ನಮ್ಮ ವ್ಯಾಪಾರಿಗಳು ತಿಳಿದಿರಲೇಬೇಕಾದ ಒಂದು ವಿಷಯ ಇಲ್ಲಿದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಪಾಲುದಾರರು ತಮ್ಮೊಳಗೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಲಾಭವೂ ಸಮಪಾಲು, ನಷ್ಟವೂ ಸಮಪಾಲು. ಒಬ್ಬನು ಹತ್ತು ಲಕ್ಷ ಹಾಕಿ, ಇನ್ನೊಬ್ಬನು ಒಂದು ಲಕ್ಷ ಹಾಕಿದ್ದರೂ ಅಷ್ಟೇ. ದಿನವಿಡೀ ಗಲ್ಲಾದಲ್ಲಿ ಕೂತವನಿಗೆ ಕರಾರಿಲ್ಲದಿದ್ದರೆ ಸಂಬಳ ಕೇಳುವ ಹಕ್ಕಿಲ್ಲ. ಪಾಲುದಾರರಲ್ಲೊಬ್ಬನು ತೀರಿಕೊಂಡರೆ, ಕರಾರು ಬೇರೆ ಹೇಳದ ಹೊರತು ಆ ಸಂಸ್ಥೆಯೇ ವಿಸರ್ಜನೆಗೊಳ್ಳುತ್ತದೆ. ನೋಂದಣಿಯಾಗದ ಸಂಸ್ಥೆಯ ಪಾಲುದಾರನು ಕರಾರಿನ ಹಕ್ಕುಗಳಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡುವಂತಿಲ್ಲ; ವಿಸರ್ಜನೆ ಮತ್ತು ಲೆಕ್ಕ ಚುಕ್ತಾಕ್ಕಾಗಿ ಮಾತ್ರ ಹೋಗಬಹುದು.

ಇದನ್ನು ಶರೀಅತ್‌ನ ಪಕ್ಕದಲ್ಲಿಟ್ಟು ನೋಡಿ. ಪಾಲುದಾರಿಕೆಯ ಲಾಭವನ್ನು ಹೇಗೆ ಹಂಚಬೇಕೆಂಬಲ್ಲಿ ಶಾಫಿಈ ಮತ್ತು ಹನಫೀ ಮದ್‌ಹಬ್‌ಗಳ ನಡುವೆ ಭಿನ್ನತೆಯಿದೆ. ನಷ್ಟವು ಬಂಡವಾಳದ ಅನುಪಾತದಲ್ಲೇ ಹಂಚಿಕೆಯಾಗಬೇಕೆಂಬಲ್ಲಿ ಭಿನ್ನತೆಯಿಲ್ಲ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ ಎಂಬ ಮುದಾರಬಃದಲ್ಲಂತೂ, ದುಡಿಯುವವನ ಕಡೆಯಿಂದ ಅಲಕ್ಷ್ಯ ಅಥವಾ ಮೋಸವಾಗದಿದ್ದರೆ ಹಣದ ನಷ್ಟ ಪೂರ್ತಿಯಾಗಿ ಹಣ ಹಾಕಿದವನದು. ದುಡಿದವನು ತನ್ನ ಶ್ರಮವನ್ನು ಕಳೆದುಕೊಳ್ಳುತ್ತಾನೆ. ಹಾಗಾದರೆ ಕಾಗದವಿಲ್ಲದ ಪಾಲುದಾರಿಕೆಯು ನ್ಯಾಯಾಲಯಕ್ಕೆ ಹೋದಾಗ ಏನಾಗುತ್ತದೆ? ಶರೀಅತ್ ಹೇಳಿದ ಹಂಚಿಕೆ ಬಿದ್ದುಹೋಗುತ್ತದೆ, ಕಾಯ್ದೆಯ ಸಮಪಾಲು ಜಾರಿಗೆ ಬರುತ್ತದೆ. ನಾವು ಬಯಸಿದ ಶರತ್ತುಗಳನ್ನು ಬರೆದುಕೊಳ್ಳಲು ಅದೇ ಕಾಯ್ದೆ ಪೂರ್ಣ ಸ್ವಾತಂತ್ರ್ಯ ಕೊಟ್ಟಿದೆ. ವೈಯಕ್ತಿಕ ಕಾನೂನಿನ ರಕ್ಷಣೆಗಾಗಿ ಸಭೆ ಸೇರುವ ನಾವು, ಯಾರೂ ಕಸಿಯದ ಈ ಅವಕಾಶವನ್ನು ನಾವಾಗಿಯೇ ಬಿಟ್ಟುಕೊಡುತ್ತಿದ್ದೇವೆ.

ಬರೆಯದಿರುವುದರ ಇನ್ನೊಂದು ಮುಖವೂ ಇದೆ. ಊರಿನ ವ್ಯಾಪಾರದಲ್ಲಿ ಹಣ ಹಾಕಿದವನಿಗೆ 'ಲಕ್ಷಕ್ಕೆ ತಿಂಗಳಿಗೆ ಇಷ್ಟು' ಎಂದು ಖಚಿತ ಮೊತ್ತ ಕೊಡುವ ಪದ್ಧತಿ ಬೆಳೆದುಬಿಟ್ಟಿದೆ. ಅದಕ್ಕೆ ಲಾಭವೆಂದು ಹೆಸರು. ವ್ಯಾಪಾರ ನಡೆಯಲಿ, ಮಲಗಲಿ, ಮೊತ್ತ ಮಾತ್ರ ಬದಲಾಗದು! ಬಡ್ಡಿಯೆಂದು ಬ್ಯಾಂಕಿನ ಮೆಟ್ಟಿಲು ಹತ್ತದವರು ಅದನ್ನೇ ಮನೆಬಾಗಿಲಲ್ಲಿ ಬೇರೆ ಹೆಸರಿನಲ್ಲಿ ಸ್ವೀಕರಿಸುತ್ತಾರೆ. ಲೆಕ್ಕ ಕೇಳದ ಈ ಅಭ್ಯಾಸವೇ ದೊಡ್ಡ ಪ್ರಮಾಣದಲ್ಲಿ ಬೆಳೆದು ಬೆಂಗಳೂರಿನ ಐಎಂಎ ಆಗಿ 2019ರ ಜೂನ್‌ನಲ್ಲಿ ಕುಸಿಯಿತು. ಹಲಾಲ್ ಹೂಡಿಕೆಯೆಂಬ ಮಾತಿಗೆ ಮರುಳಾಗಿ ಹತ್ತಾರು ಸಾವಿರ ಮಂದಿ, ಅವರಲ್ಲಿ ಹೆಚ್ಚಿನವರು ನಮ್ಮವರೇ, ಮಗಳ ಮದುವೆಗೆಂದು ಕೂಡಿಟ್ಟದ್ದನ್ನು ಕಳೆದುಕೊಂಡರು. ವ್ಯಾಪಾರವೇನು, ಲೆಕ್ಕವೆಲ್ಲಿ ಎಂದು ಕೇಳಿದವರು ಕಡಿಮೆ. ಗಡ್ಡ, ಟೋಪಿ ಮತ್ತು ತಿಂಗಳ ಆರಂಭದಲ್ಲಿ ಖಾತೆಗೆ ಬೀಳುವ ಹಣ, ಇಷ್ಟೇ ಸಾಕೆನಿಸಿತು.

ಆದರೆ ಈ ಬರೆಯದ ಲೆಕ್ಕಗಳಲ್ಲಿ ಅತ್ಯಂತ ಹೆಚ್ಚು ನೋಯುವವರು ಗಂಡಸರಲ್ಲ. ನಮ್ಮ ಪೇಟೆಗಳ ಅನೇಕ ಅಂಗಡಿಗಳ ಮೊದಲ ಬಂಡವಾಳ ಹೆಂಡತಿಯ ಚಿನ್ನ. ಅದನ್ನು ಮಾರಿಯೋ ಅಡವಿಟ್ಟೋ ಕೋಣೆಗೆ ಮುಂಗಡ ಕೊಡಲಾಗುತ್ತದೆ, ಕಪಾಟು ಮಾಡಿಸಲಾಗುತ್ತದೆ. ಬೋರ್ಡಿನಲ್ಲಿ ಮಗುವಿನ ಹೆಸರು ಬರುತ್ತದೆ, ಪರವಾನಗಿಯಲ್ಲಿ ಗಂಡನ ಹೆಸರು. ಹೆಂಡತಿಯ ಹೆಸರು ಎಲ್ಲಿಯೂ ಇರುವುದಿಲ್ಲ. ಮಹ್ರ್ ಆಗಲಿ ತವರಿನಿಂದ ಬಂದ ಒಡವೆಯಾಗಲಿ ಆಕೆಯ ಸ್ವತ್ತು. ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡನು ಅದನ್ನು ಅನುಭವಿಸಬಹುದೆಂಬುದು ಅನ್ನಿಸಾ ಅಧ್ಯಾಯದ ಆದೇಶ. ಆಕೆ ಕೊಟ್ಟದ್ದು ದಾನವೇ, ಸಾಲವೇ, ಪಾಲು ಬಂಡವಾಳವೇ? ಇಬ್ಬರೂ ಚೆನ್ನಾಗಿರುವ ದಿನಗಳಲ್ಲಿ ಈ ಪ್ರಶ್ನೆಗೆ ಅರ್ಥವೇ ಇಲ್ಲವೆನಿಸುತ್ತದೆ.

ಗಂಡ ಹಠಾತ್ತನೆ ತೀರಿಕೊಂಡ ದಿನ ಅದೊಂದೇ ಪ್ರಶ್ನೆ ಉಳಿಯುತ್ತದೆ. ಮೃತನ ಸೊತ್ತಿನಿಂದ ಅಂತ್ಯಸಂಸ್ಕಾರದ ವೆಚ್ಚದ ಬಳಿಕ ಮೊದಲು ಸಾಲ ತೀರಬೇಕು, ನಂತರ ವಸಿಯ್ಯತ್, ಕೊನೆಗೆ ವಾರೀಸುದಾರರ ಪಾಲು ಎಂಬುದು ಶರೀಅತ್‌ನ ಕ್ರಮ. ಹತ್ತು ಪವನ್ ಸಾಲವಾಗಿ ಕೊಟ್ಟವಳಿಗೆ ಹಂಚಿಕೆಯ ಮೊದಲೇ ಹತ್ತು ಪವನ್ ಮರಳಬೇಕು. ಬರಹವೂ ಸಾಕ್ಷಿಯೂ ಇಲ್ಲದಿದ್ದರೆ? ಮಕ್ಕಳಿರುವ ವಿಧವೆಗೆ ಸಿಗುವುದು ಎಂಟನೇ ಒಂದು ಪಾಲು. ಅಂದರೆ ತಾನೇ ಕೊಟ್ಟ ಹತ್ತು ಪವನ್‌ನಲ್ಲಿ ಆಕೆಗೆ ಮರಳುವುದು ಒಂದೂಕಾಲು ಪವನ್. ಇದನ್ನು ಯಾರೂ ಅನ್ಯಾಯವೆನ್ನಲಾರರು, ಏಕೆಂದರೆ ಲೆಕ್ಕವೆಲ್ಲ 'ಶರೀಅತ್ ಪ್ರಕಾರ'ವೇ ನಡೆದಿರುತ್ತದೆ! ವರದಕ್ಷಿಣೆಯ ವಿರುದ್ಧ ದಶಕಗಳಿಂದ ಬರೆಯುತ್ತ ಬಂದಿರುವ ನಾವು ಈ ಮೌನ ವಸೂಲಿಯ ಬಗ್ಗೆಯೂ ಬರೆಯಬೇಕಾಗಿದೆ.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಿ. ಅದೇ ಮನೆಯ ಹಿರಿಯಾಕೆ ಬೀಡಿ ಕಟ್ಟಿದವಳಾಗಿದ್ದರೆ ಆಕೆಯ ಬಳಿ ಒಂದು ಪುಸ್ತಕವಿರುತ್ತದೆ. ಬ್ರಾಂಚಿನಿಂದ ತಂದ ಎಲೆ ಎಷ್ಟು, ಹೊಗೆಸೊಪ್ಪು ಎಷ್ಟು, ಕೊಟ್ಟ ಬೀಡಿ ಎಷ್ಟು ಎಂದು ಅದರಲ್ಲಿ ದಾಖಲಾಗಿರುತ್ತದೆ. ಆ ದಾಖಲೆಯ ಬಲದಿಂದಲೇ ಭವಿಷ್ಯನಿಧಿ ಬಂತು, ಬೋನಸ್ ಬಂತು. ಸಾವಿರ ಬೀಡಿಯ ಲೆಕ್ಕಕ್ಕೆ ಪುಸ್ತಕವಿರುವ ಮನೆಯಲ್ಲಿ ಹತ್ತು ಲಕ್ಷದ ಅಂಗಡಿಗೆ ಒಂದು ಹಾಳೆಯೂ ಇಲ್ಲ. ಅಂಗಡಿಯಲ್ಲಿ ದುಡಿಯುವ ಹುಡುಗನ ಪಾಡೂ ಇದೇ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ) ವಚನವನ್ನು ಎಲ್ಲರೂ ಬಲ್ಲರು. ಆದರೆ ಅವನ ಸಂಬಳ ಎಷ್ಟೆಂದು ಮೊದಲೇ ಬರೆದುಕೊಟ್ಟ ಮಾಲಕರನ್ನು ಹುಡುಕಬೇಕು.

ಬರಹದ ಮೇಲೆ ನಿಂತ ಕೂಟ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಉದಾಹರಣೆ ಪುತ್ತೂರಿನಲ್ಲೇ ಇದೆ. ಅಡಿಕೆ ಧಾರಣೆ ನೆಲಕಚ್ಚಿ ಬೆಳೆಗಾರರು ಕಂಗೆಟ್ಟಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರ ಜುಲೈ 11ರಂದು ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೊಕ್ಕೊ ಬೆಲೆ ಕುಸಿದು ಕೊಳ್ಳುವವರೇ ಇಲ್ಲದಂತಾದಾಗ ಅದೇ ಸಂಸ್ಥೆ ಖರೀದಿಗೆ ಇಳಿಯಿತು; 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯನ್ನೇ ತೆರೆಯಿತು. ಒಬ್ಬರನ್ನೊಬ್ಬರು ಕಂಡೇ ಇರದ ಸಾವಿರಾರು ರೈತರನ್ನು ಒಟ್ಟಿಗೆ ಹಿಡಿದದ್ದು ಷೇರುಪತ್ರ, ಬೈಲಾ ಮತ್ತು ವಾರ್ಷಿಕ ಮಹಾಸಭೆಯಲ್ಲಿ ಮಂಡನೆಯಾಗುವ ಲೆಕ್ಕ. ಇದೇ ಪೇಟೆಯಲ್ಲಿ ಆಟೋ ರಿಕ್ಷಾ ಓಡಿಸುತ್ತಿದ್ದ ಸತ್ಯಶಂಕರ್ ಅವರು ಬಿಂದು ಜೀರಾದ ಮೂಲಕ ಪುತ್ತೂರಿನ ಹೆಸರನ್ನು ಹೊರರಾಜ್ಯಗಳಿಗೂ ಒಯ್ದರು. (ಅವರ ವಾಹನ ಸಾಲದ ವ್ಯವಹಾರದ ಬಗ್ಗೆ ನಮ್ಮ ನಿಲುವು ಬೇರೆ, ಅದು ಇಲ್ಲಿ ಅಪ್ರಸ್ತುತ.) ಇಂತಹ ಯಶೋಗಾಥೆಗಳನ್ನು ಓದುವಾಗ ನಮ್ಮ ಯುವಕರು ಚಾಲಕನ ಧೈರ್ಯವನ್ನು ಮಾತ್ರ ಕಾಣುತ್ತಾರೆ. ಒಬ್ಬನ ದುಡಿಮೆಯು ಸಂಸ್ಥೆಯಾಗಿ ಬೆಳೆಯಲು ಬೇಕಾಗುವ ನೋಂದಣಿ, ಲೆಕ್ಕಪತ್ರ, ಪರಿಶೋಧನೆಗಳ ನೀರಸ ಭಾಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಹೊರಗಿನ ಗಾಳಿಯೂ ಈಗ ಮೊದಲಿನಂತಿಲ್ಲ. 2022ರ ಮಾರ್ಚ್‌ನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶ ನಿರಾಕರಿಸಲಾಯಿತು. ದೇವಸ್ಥಾನಗಳಿಗೆ ಸಂಬಂಧಿಸಿದ 2002ರ ನಿಯಮವೊಂದನ್ನು ಅಂದಿನ ಸರಕಾರವು ವಿಧಾನಸಭೆಯಲ್ಲಿ ಸಮರ್ಥನೆಯಾಗಿ ಮುಂದಿಟ್ಟಿತು. ಅದೇ ವರ್ಷದ ಜುಲೈಯಲ್ಲಿ ಬೆಳ್ಳಾರೆ ಪರಿಸರದ ಹತ್ಯೆಗಳ ಬೆನ್ನಿಗೆ ಜಿಲ್ಲೆಯಾದ್ಯಂತ ಸಂಜೆ 6ಕ್ಕೆ ಅಂಗಡಿ ಮುಚ್ಚಬೇಕಾಯಿತು. ಆ ದಿನಗಳಲ್ಲಿ ಸಂಜೆಯ ವ್ಯಾಪಾರ ಕಳೆದುಕೊಂಡವರಲ್ಲಿ ಎಲ್ಲ ಧರ್ಮದವರೂ ಇದ್ದರು. ಬಹಿಷ್ಕಾರದ ರಾಜಕೀಯವನ್ನು ಸಂವಿಧಾನದ ಬಲದಿಂದ ಎದುರಿಸಬೇಕು, ಸಂದೇಹವಿಲ್ಲ. ಆದರೆ ಬೆಂಕಿ ಬಿದ್ದ ಅಂಗಡಿಗೆ ವಿಮೆಯ ಹಣವೋ ಪರಿಹಾರವೋ ಬೇಕಾದರೆ ಸರಕಿನ ಲೆಕ್ಕ ತೋರಿಸಬೇಕು, ಒಡೆತನ ತೋರಿಸಬೇಕು. ಹೊರಗಿನಿಂದ ಇಷ್ಟು ಒತ್ತಡವಿರುವಾಗ ಒಳಗಿನ ಜಗಳದಿಂದಲೂ ಅಂಗಡಿ ಮುಚ್ಚುವುದು ನಮಗೆ ಕೈಗೆಟುಕದ ದುಬಾರಿ ಚಟ.

ಇದಕ್ಕೆ ಹೊಸ ಸಂಘಟನೆ ಬೇಕಿಲ್ಲ. ನಿಕಾಹ್‌ಗೆ ಇಬ್ಬರು ಸಾಕ್ಷಿಗಳನ್ನು ನಿಲ್ಲಿಸಿ ರಿಜಿಸ್ಟರಿನಲ್ಲಿ ಸಹಿ ಪಡೆಯುವ ನಮ್ಮ ಜಮಾಅತ್ ಕಮಿಟಿಗಳಿಗೆ ಪಾಲುದಾರಿಕೆಗೂ ಒಂದು ನಮೂನೆ ಇಟ್ಟುಕೊಳ್ಳುವುದು ಕಷ್ಟವಲ್ಲ. ಯಾರ ಹಣ ಎಷ್ಟು, ದುಡಿಮೆ ಯಾರದು, ಸಂಬಳವಿದೆಯೇ, ಲಾಭದ ಅನುಪಾತವೇನು, ಸಾಲ ತರುವ ಅಧಿಕಾರ ಯಾರಿಗೆ, ಒಬ್ಬನು ಬಿಟ್ಟರೆ ಅಥವಾ ತೀರಿಕೊಂಡರೆ ಹೇಗೆ, ಹೆಂಡತಿಯ ಚಿನ್ನ ಯಾವ ಬಾಬತ್ತಿನಲ್ಲಿ ಬಂತು ಎಂಬಿಷ್ಟು ಅದರಲ್ಲಿದ್ದರೆ ಸಾಕು. ಒಬ್ಬ ಆಲಿಮ್ ಮತ್ತು ಒಬ್ಬ ವಕೀಲರು ಒಟ್ಟಿಗೆ ಕೂತು ಒಮ್ಮೆ ಸಿದ್ಧಪಡಿಸಿದರೆ ಅದೇ ನಮೂನೆ ಮೂರೂ ತಾಲೂಕುಗಳಿಗೆ ಆದೀತು. ಆ ಬಳಿಕ ಮುದ್ರಾಂಕ ಕಾಗದದಲ್ಲಿ ಬರೆಸಿ ನೋಂದಾಯಿಸುವುದು ಪಾಲುದಾರರ ಕೆಲಸ.

ಬರೆಯುವವರು ಯಾರು ಎಂದು ಕೇಳುವವರಿದ್ದಾರೆ. ಪುತ್ತೂರು, ಸುಳ್ಯದ ಕಾಲೇಜುಗಳಿಂದ ಬಿ.ಕಾಂ. ಮುಗಿಸಿ ಮದುವೆಯ ಮಾತಿಗೆ ಕಾಯುತ್ತಾ ಮನೆಯಲ್ಲಿರುವ ಹೆಣ್ಣುಮಕ್ಕಳು ಪ್ರತಿಯೊಂದು ಮಹಲ್ಲಿನಲ್ಲೂ ಇದ್ದಾರೆ. ಐದಾರು ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಿಕೊಳ್ಳಲು ಬಲ್ಲವರು ಅವರು. ಅವರಿಗೂ ಅದೊಂದು ಗೌರವದ ಸಂಪಾದನೆಯಾದೀತು. ಝಕಾತ್‌ಗಾಗಿ ಹೆಚ್ಚಿನ ವ್ಯಾಪಾರಿಗಳು ರಮಝಾನ್‌ನಲ್ಲಿ ಹೇಗೂ ಅಂಗಡಿಯ ಸರಕು ಎಣಿಸುತ್ತಾರೆ. ಆ ದಿನವನ್ನೇ ಪಾಲುದಾರರ ವಾರ್ಷಿಕ ಲೆಕ್ಕದ ದಿನವೆಂದು ನಿಗದಿಪಡಿಸಿಕೊಳ್ಳಬಹುದು. ಗಲ್ಫಿನಲ್ಲಿರುವ ಪಾಲುದಾರನು ರಜೆ ಹೊಂದಿಸಿಕೊಂಡು ಊರಿಗೆ ಬರಲು ಬಯಸುವುದೂ ಆ ದಿನಗಳಲ್ಲೇ.